ಸ್ಲರಿ ಪಂಪ್ ಬಿಚ್ಚೋ ಮುಂಚೆ

ಪಂಪ್ ನಿಂತಿದೆ. ಈಗ ಬಿಚ್ಚಬಹುದಾ?
ಅದಕ್ಕೂ ಮುಂಚೆ, ಈ ಪಂಪ್ ತಳ್ಳೋದೇನು ನೋಡೋಣ.

ಹೆಬ್ಬೆ ಜಲಪಾತದ ಪಕ್ಕದ ಕೆಮ್ಮಣ್ಣುಗುಂಡಿಯ ಕಬ್ಬಿಣದ ಅದಿರು
ಭದ್ರಾವತಿ ಕಾರ್ಖಾನೆಗಾಗಿ
ಬೆಟ್ಟ ಇಳೀತಿದ್ದಿದ್ದು ರೋಪ್‌ವೇಲಿ.

ಅದೇ ಜಿಲ್ಲೆಯ ಕುದುರೆಮುಖದ್ದು?
ಪುಡಿ ಮಾಡಿ, ನೀರಲ್ಲಿ ಕಲಸಿ,
67 ಕಿಲೋಮೀಟರ್ ಪೈಪಲ್ಲಿ ಮಂಗಳೂರಿಗೆ!
2005ರ ಕೊನೆಗೆ ಗಣಿ ನಿಂತಿತು.

ಇಂಥ ರಾಡಿ ತಳ್ಳೋದೇ ಸ್ಲರಿ ಪಂಪ್.
ರಾಡಿಯಲ್ಲಿರೋ ಪುಡಿ ಪಂಪಿನ ಒಳಪದರವಾದ ಲೈನರನ್ನ,
ತಿರುಗೋ ಚಕ್ರವಾದ ಇಂಪೆಲ್ಲರನ್ನ
ಸದಾ ಸವೆಸ್ತಿರುತ್ತೆ.
ಹಾಗಾಗಿ ಬಿಚ್ಚೋ ಕೆಲಸ ತಪ್ಪಲ್ಲ.

ಮೊದಲು ಕರೆಂಟ್ ತೆಗೀರಿ.
ಸ್ವಿಚ್ಚಿಗೆ ಬೀಗ ಹಾಕಿ,
ಕೀಲಿ ನಿಮ್ಮ ಜೇಬಲ್ಲೇ ಇರಲಿ.

ವಾಲ್ವ್ ಮುಚ್ಚಿ, ಒಳಗಿನ ಒತ್ತಡ ಇಳಿಸಿ,
ರಾಡಿ ಖಾಲಿ ಮಾಡಿ.
ಪ್ರೆಶರ್ ಇಳಿಯದ ಕುಕ್ಕರ್ ಮುಚ್ಚಳ
ಯಾರಾದ್ರೂ ತೆಗೀತಾರಾ?

ಇಂಪೆಲ್ಲರ್ ಬಿಗಿದು ಕೂತಿದೆಯಾ?
ಗ್ಯಾಸ್ ಕಟರಿಂದ ಮಾತ್ರ ಕಾಯಿಸಬೇಡಿ.
ಒಳಗೆ ಸಿಕ್ಕಿಬಿದ್ದ ನೀರು ಆವಿಯಾದ್ರೆ
ಲೋಹವೇ ಸಿಡಿಯುತ್ತೆ.

ಜೋಡಿಸಿದ ಮೇಲೆ,
ಬೆಲ್ಟ್ ಹಾಕೋ ಮುಂಚೆ,
ಮೋಟಾರ್ ಯಾವ ಕಡೆ ತಿರುಗುತ್ತೆ ನೋಡಿ.
ಉಲ್ಟಾ ತಿರುಗಿದ್ರೆ
ಥ್ರೆಡ್ಡಿನ ಇಂಪೆಲ್ಲರ್
ತಾನಾಗೇ ಬಿಚ್ಚಿಕೊಳ್ಳುತ್ತೆ!