ಕಟ್ಟಳೆ ಮತ್ತು ಮಿತವ್ಯಯ: ಕಂಪೈಲರಿನ ಕರೆಯ ರೂಢಿ ಹಾಗೂ ಕರ್ನಲ್ ಸ್ಟ್ಯಾಕ್

ಮೈಸೂರು ಸೀಮೆಯ ಕಂಸಾಳೆ ಮೇಳದಲ್ಲಿ ಮುಖ್ಯ ಗಾಯಕ ಮಾದೇಶ್ವರನ ಕಥೆಯನ್ನು ನಡೆಸುವಾಗ, ಸೊಲ್ಲನ್ನು ಎಲ್ಲಿ ಎತ್ತಿಕೊಳ್ಳಬೇಕೆಂದು ಹಿಮ್ಮೇಳದವರಿಗೆ ಪ್ರತಿ ಸಲವೂ ಹೇಳಬೇಕಾಗುವುದಿಲ್ಲ. ಬಿಟ್ಟುಕೊಡುವವನಿಗೂ ಎತ್ತಿಕೊಳ್ಳುವವನಿಗೂ ತಿಳಿದಿರುವ ಕಟ್ಟಳೆಯೊಂದು ಅಲ್ಲಿದೆ. ಗಣಕದಲ್ಲಿ ಒಂದು ಫಂಕ್ಷನ್ ಮತ್ತೊಂದನ್ನು ಕರೆಯುವಾಗಲೂ ಇಂತಹುದೇ ಕಟ್ಟಳೆಯಿರುತ್ತದೆ. ಅದನ್ನು 'ಕಾಲಿಂಗ್ ಕನ್ವೆನ್ಷನ್' ಎನ್ನುತ್ತಾರೆ. ಕಿರಿದಾದ ಜಾಗದ ಮಿತಬಳಕೆಯಲ್ಲಿ ಅದರ ಪಾತ್ರವೇನೆಂಬುದಕ್ಕೆ ಲಿನಕ್ಸ್ ಕರ್ನಲ್ ಉತ್ತಮ ನಿದರ್ಶನ.

ಫಂಕ್ಷನ್ನುಗಳು ಮರಳಬೇಕಾದ ವಿಳಾಸವನ್ನೂ ತಾತ್ಕಾಲಿಕ ಮೌಲ್ಯಗಳನ್ನೂ ಒಂದರ ಮೇಲೊಂದರಂತೆ ಇರಿಸುವ ಸ್ಮೃತಿಭಾಗವೇ ಸ್ಟ್ಯಾಕ್. ಸಾಮಾನ್ಯ ಪ್ರೋಗ್ರಾಮಿನ ಸ್ಟ್ಯಾಕ್ ಅಗತ್ಯವಿದ್ದಂತೆ ಬೆಳೆಯಬಲ್ಲದು, ಕರ್ನಲ್‌ನದು ಹಾಗಲ್ಲ. 32 ಬಿಟ್‌ನ ಎಕ್ಸ್86 ಯಂತ್ರಗಳಲ್ಲಿ ಪ್ರತಿ ಥ್ರೆಡ್ಡಿಗೆ ದೊರೆಯುತ್ತಿದ್ದುದು 8 ಕಿಲೋಬೈಟ್ ಮಾತ್ರ. ಅದಕ್ಕೆ ಬೇಕಾದ ಎರಡು ಅಕ್ಕಪಕ್ಕದ ಪುಟಗಳು ಚದುರಿದ ಸ್ಮೃತಿಯಲ್ಲಿ ಸುಲಭವಾಗಿ ಸಿಗದ ಕಾರಣ, 2004ರಲ್ಲಿ 4 ಕಿಲೋಬೈಟಿನ ಆಯ್ಕೆಯೂ ಬಂದಿತು. ಸ್ಟ್ಯಾಕ್ ತುಂಬಿ ಹರಿದರೆ ನೆರೆಯ ದತ್ತಾಂಶ ಕೆಟ್ಟು ಇಡೀ ಯಂತ್ರವೇ ಸ್ತಬ್ಧವಾಗಬಹುದು.

ಹಳೆಯ ರೂಢಿಯಂತೆ, ಕರೆಯುವ ಫಂಕ್ಷನ್ ತಾನು ಕೊಡುವ ಮೌಲ್ಯಗಳನ್ನೆಲ್ಲ ಸ್ಟ್ಯಾಕಿನ ಮೇಲೆ ಇರಿಸುತ್ತಿತ್ತು. ಜಿಸಿಸಿ ಕಂಪೈಲರಿನ 'ರೆಗ್‌ಪಾರ್ಮ್' ಸೂಚನೆಯು ಮೊದಲ ಮೂರು ಮೌಲ್ಯಗಳನ್ನು ಇಎಎಕ್ಸ್, ಇಡಿಎಕ್ಸ್, ಇಸಿಎಕ್ಸ್ ಎಂಬ ರಿಜಿಸ್ಟರುಗಳಲ್ಲಿ ಕಳುಹಿಸುತ್ತದೆ. ತಲಾ 4 ಬೈಟಿನಂತೆ ಒಂದು ಕರೆಗೆ ಗರಿಷ್ಠ 12 ಬೈಟ್ ಉಳಿಯುತ್ತದೆ. 30 ಕರೆಗಳ ಸರಪಳಿಯಲ್ಲಿ ಅದು 360 ಬೈಟ್, ಎಂದರೆ 4 ಕಿಲೋಬೈಟಿನ ಸುಮಾರು ಹನ್ನೊಂದನೆಯ ಒಂದು ಪಾಲು. ಆದರೆ ಕರೆಸಿಕೊಂಡ ಫಂಕ್ಷನ್ ಆ ಮೌಲ್ಯವನ್ನು ಮುಂದಿನ ಬಳಕೆಗೆಂದು ಸ್ಟ್ಯಾಕಿನಲ್ಲೇ ಕಾದಿರಿಸಿದರೆ ಉಳಿತಾಯ ಕುಗ್ಗುತ್ತದೆ. 2007ರ 2.6.20 ಆವೃತ್ತಿಯಲ್ಲಿ ಈ ರೂಢಿ 32 ಬಿಟ್ ಕರ್ನಲ್ಲಿಗೆ ಕಡ್ಡಾಯವಾಯಿತು.

ಇಲ್ಲಿ ಗಮನಿಸಬೇಕಾದುದು, ಕಟ್ಟಳೆಯು ಇಬ್ಬರಿಗೂ ಒಂದೇ ಆಗಿರಬೇಕೆಂಬ ಅಂಶ. ಒಬ್ಬರು ರಿಜಿಸ್ಟರಿನಲ್ಲಿಟ್ಟುದನ್ನು ಮತ್ತೊಬ್ಬರು ಸ್ಟ್ಯಾಕಿನಲ್ಲಿ ಹುಡುಕಿದರೆ ದೊರೆಯುವುದು ಅಸಂಬದ್ಧ ಮೌಲ್ಯ. ಆದುದರಿಂದಲೇ ಆಯ್ಕೆ ಐಚ್ಛಿಕವಾಗಿದ್ದ ಕಾಲದಲ್ಲಿ ಪ್ರತಿ ಮಾಡ್ಯೂಲಿನ ಗುರುತುಸಾಲಿನಲ್ಲಿ 'ರೆಗ್‌ಪಾರ್ಮ್' ಎಂಬ ಪದವನ್ನು ನಮೂದಿಸಿ, ಹೊಂದದ ಮಾಡ್ಯೂಲನ್ನು ಕರ್ನಲ್ ನಿರಾಕರಿಸುತ್ತಿತ್ತು. ಮೇಳದಲ್ಲಿ ಕಿವಿ ಮಾಡುವ ಕೆಲಸವನ್ನು ಇಲ್ಲಿ ಬರಹ ಮಾಡಿತು.

ಈ ಉಪಾಯಕ್ಕೂ ಮಿತಿಯುಂಟು. ಫಂಕ್ಷನ್ನಿನೊಳಗೆ ಘೋಷಿಸಿದ ದೊಡ್ಡ ಅರೇಗಳನ್ನು ಯಾವ ಕರೆಯ ರೂಢಿಯೂ ಕಿರಿದುಗೊಳಿಸದು. 4 ಕಿಲೋಬೈಟಿನ ಆಯ್ಕೆಯನ್ನು ಮುಂದೆ ಕೈಬಿಡಲಾಯಿತು. ಆರು ಮೌಲ್ಯಗಳನ್ನು ರಿಜಿಸ್ಟರುಗಳಲ್ಲೇ ಸಾಗಿಸುವ 64 ಬಿಟ್ ಎಕ್ಸ್86 ಯಂತ್ರಗಳಲ್ಲಿಯೂ 2014ರಲ್ಲಿ ಸ್ಟ್ಯಾಕನ್ನು 16 ಕಿಲೋಬೈಟಿಗೆ ಹಿಗ್ಗಿಸಬೇಕಾಯಿತು. ಕಟ್ಟಳೆಯು ಹೊರೆಯನ್ನು ಹಂಚಿ ಹಗುರಗೊಳಿಸಬಲ್ಲದು, ಹೊರೆಯನ್ನೇ ಇಲ್ಲವಾಗಿಸಲಾರದು.