ಹಣೆಯ ಗೆರೆ

ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನನ್ನವಳ ಬಾಯಿಯ ಬಲಗಡೆಯಿಂದ ನೀರು ಸೋರಿತು, ಬಲಗಣ್ಣೂ ಮುಚ್ಚುತ್ತಿರಲಿಲ್ಲ. ಲಕ್ವವೆಂದು ಹೆದರಿ 108ಕ್ಕೆ ಫೋನ್ ಮಾಡಿದೆ. ಅಷ್ಟರಲ್ಲಿ ಪಕ್ಕದ ಮನೆಯ ಡಾಕ್ಟರು ಬಂದರು. ಎರಡೂ ಕೈ ಎತ್ತಿಸಿದರು, ಮಾತಾಡಿಸಿದರು, “ಹುಬ್ಬೇರಿಸಿ ಅಮ್ಮಾ” ಎಂದರು. ಹಣೆಯ ಬಲಭಾಗದಲ್ಲಿ ಒಂದು ಗೆರೆಯೂ ಮೂಡಲಿಲ್ಲ.

ಹಣೆಗೆ ಮಿದುಳಿನ ಎರಡೂ ಕಡೆಯಿಂದ ಅಪ್ಪಣೆ ಬರುತ್ತದಂತೆ. ನಮ್ಮ ಬ್ಯಾಂಕಿನ ಜಂಟಿ ಖಾತೆಯ ಹಾಗೆ, ಒಬ್ಬರ ಸಹಿ ನಿಂತರೂ ಇನ್ನೊಬ್ಬರದು ನಡೆಯುತ್ತದೆ! ಅದಕ್ಕೇ ಲಕ್ವದಲ್ಲಿ ಸಾಮಾನ್ಯವಾಗಿ ಹಣೆ ಸುಕ್ಕುಗಟ್ಟುತ್ತದೆ. ಮುಖದ ನರವೇ ಊದಿಕೊಂಡರೆ ಹಣೆಯೂ ಸುಮ್ಮನಾಗುತ್ತದೆ. ಅದು ಬೆಲ್ಸ್ ಪಾಲ್ಸಿ.

“ಆದರೂ ಆಂಬುಲೆನ್ಸ್ ವಾಪಸ್ ಕಳಿಸಬೇಡಿ” ಎಂದರು. ಲಕ್ವವಾಗಿದ್ದರೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಅವಕಾಶ. ಆಸ್ಪತ್ರೆಯಲ್ಲಿ ಬೆಲ್ಸ್ ಪಾಲ್ಸಿಯೇ ಎಂದರು; 72 ಗಂಟೆಯೊಳಗೆ ಕೊಡಬೇಕಾದ ಸ್ಟಿರಾಯ್ಡ್ ಅಂದೇ ಶುರುವಾಯಿತು. ಮುಚ್ಚದ ಕಣ್ಣು ಒಣಗದಂತೆ ಹಗಲು ಡ್ರಾಪ್ಸ್, ರಾತ್ರಿ ಮುಲಾಮು, ಮೇಲೆ ಟೇಪು. ಟೇಪಿನ ಕೆಲಸ ಮೊಮ್ಮಗಳದು.