ನೋಟಕ್ಕೆಂದು ಕಟ್ಟದ ನಾಡು

ಹಾಸನದಿಂದ ಮಂಗಳೂರಿನತ್ತ ಹೊರಟ ಹೆದ್ದಾರಿಯು ಆಲೂರಿನ ಅರೆಮಲೆನಾಡನ್ನು ದಾಟಿ ಬಾಳ್ಳುಪೇಟೆಯನ್ನು ಸಮೀಪಿಸುತ್ತಿದ್ದಂತೆ, ಅದುವರೆಗೆ ಹೊಲಗಳ ಮೇಲೆ ವಿಶಾಲವಾಗಿ ಹರಡಿದ್ದ ಆಕಾಶವು ಸಿಲ್ವರ್ ಮರಗಳ ಸಾಲಿನ ನಡುವೆ ಕಿರಿದಾಗುತ್ತದೆ. ಗಾಳಿಗೆ ತೇವ ಬರುತ್ತದೆ. ಹೂಮಳೆ ಬಿದ್ದು ವಾರ ಹತ್ತು ದಿನ ಕಳೆದಿದ್ದರೆ, ತೋಟದ ಒಳಗಿನಿಂದ ಕಾಫಿಹೂವಿನ ಕಂಪು ರಸ್ತೆಯವರೆಗೂ ಬಂದು ಪಥಿಕನನ್ನು ಎದುರುಗೊಳ್ಳುತ್ತದೆ. ವಾರದ ಕೊನೆಯಲ್ಲಿ ಈ ದಾರಿಯುದ್ದಕ್ಕೂ ಬೆಂಗಳೂರಿನ ಕಾರುಗಳು ಸಾಲುಗಟ್ಟುವುದು ಈಗ ಯಾರಿಗೂ ವಿಶೇಷವೆನಿಸುವುದಿಲ್ಲ. ಆದರೆ ಈ ಗುಡ್ಡಗಳನ್ನು ಕೇವಲ ಕಣ್ತುಂಬ ನೋಡುವುದಕ್ಕಾಗಿ ಜನರು ಬರತೊಡಗಿದುದು ಹೇಗೆ ಎಂದು ವಿಚಾರಿಸಿದರೆ, ಉತ್ತರವು ಇನ್ನೂರು ವರ್ಷಗಳಿಗೂ ಹಿಂದಿನಿಂದ ಆರಂಭವಾಗುತ್ತದೆ.

ನೋಟಕ್ಕೆಂದೇ ರೂಪುಗೊಂಡ ಊರುಗಳೂ ಲೋಕದಲ್ಲಿವೆ. ಐರ್ಲೆಂಡಿನ ಕೆರ್ರಿ ಪ್ರಾಂತದ ಕಿಲಾರ್ನಿ ಅಂಥದೊಂದು. ಪರ್ವತಗಳ ಅಡಿಯಲ್ಲಿ ಮೂರು ಸರೋವರಗಳನ್ನು ಪಡೆದ ಆ ಊರಿಗೆ ಪರಸ್ಥಳದವರು ಬಂದುಹೋಗಲೆಂದು 18ನೇ ಶತಮಾನದ ಮಧ್ಯದಲ್ಲಿಯೇ ಅಲ್ಲಿನ ಭೂಮಾಲಿಕನಾದ ಕೆನ್ಮೇರ್ ಪ್ರಭುವು ರಸ್ತೆಗಳನ್ನೂ ವಸತಿಗೃಹಗಳನ್ನೂ ಮಾಡಿಸಿದನು. 1853ರಲ್ಲಿ ರೈಲು ಬಂದಿತು, ಮರುವರ್ಷವೇ ನಿಲ್ದಾಣದ ಬಳಿ ರೈಲ್ವೆ ಹೋಟೆಲು ತೆರೆಯಿತು. 1861ರಲ್ಲಿ ವಿಕ್ಟೋರಿಯಾ ರಾಣಿಯು ಸಂದರ್ಶಿಸಿದ ಮೇಲೆ ಕೀರ್ತಿಯು ದೇಶಾಂತರಗಳಿಗೆ ಹಬ್ಬಿತು. ನಮ್ಮ ಸೀಮೆಯಲ್ಲಿ ನಡೆದುದು ಇದಕ್ಕೆ ವಿಪರೀತ. ಇಲ್ಲಿ ಕೋಟೆ, ತೋಟ, ಸರೋವರ, ರೈಲುಹಾದಿ ಎಲ್ಲವೂ ಬೇರೆ ಬೇರೆ ಪ್ರಯೋಜನಗಳಿಗಾಗಿ ಹುಟ್ಟಿದುವು. ನೋಟವು ಅವುಗಳ ಹಿಂದೆ ತಾನಾಗಿ ಬಂದಿತು.

ಮೊದಲನೆಯದು ಕೋಟೆ. ಬಲಂ ಎಂದು ಹೆಸರಾಗಿದ್ದ, ಐಗೂರಿನ ಪಾಳೆಯಗಾರರು ಆಳುತ್ತಿದ್ದ ಈ ಮಲೆಯ ಸೀಮೆಯಲ್ಲಿ, ಕರಾವಳಿಗೆ ಇಳಿಯುವ ಘಾಟಿಯ ಮೇಲೆ ಕಣ್ಣಿಡುವುದಕ್ಕಾಗಿ ಟಿಪ್ಪು ಸುಲ್ತಾನನು 1792ರಲ್ಲಿ ಸಕಲೇಶಪುರದಾಚೆಯ ಗುಡ್ಡದ ನೆತ್ತಿಯಲ್ಲಿ ಎಂಟು ಮೂಲೆಗಳ ನಕ್ಷತ್ರಾಕೃತಿಯ ದುರ್ಗವನ್ನು ಫ್ರೆಂಚರ ದುರ್ಗವಿಧಾನದಂತೆ ಕಟ್ಟಿಸಿದನು. ಸುತ್ತ ಕವಿದ ಮಂಜನ್ನು ಕಂಡೇ ಅದಕ್ಕೆ ಮಂಜರಾಬಾದ್ ಎಂಬ ಹೆಸರಿಟ್ಟನೆಂದು ಜನ ಹೇಳುತ್ತಾರೆ. ಶತ್ರುವು ಬರುವುದನ್ನು ದೂರದಿಂದಲೇ ಅರಿಯಲೆಂದು ಆರಿಸಿದ ಎತ್ತರವು ಇಂದು ಶತ್ರುಗಳಿಲ್ಲದ ಕಾಲದಲ್ಲಿ ಕಣಿವೆಗಳನ್ನು ಕಾಣುವ ಎತ್ತರವಾಗಿದೆ. ಕಾವಲುಗಾರನು ನಿಂತ ಕಲ್ಲಿನ ಮೇಲೆಯೇ ಪ್ರವಾಸಿಯು ನಿಲ್ಲುತ್ತಾನೆ.

ಎರಡನೆಯದು ಕಾಫಿ. 19ನೇ ಶತಮಾನದ ನಡುವಿನ ದಶಕಗಳಲ್ಲಿ ಮಂಜರಾಬಾದಿಗೆ ಬಂದು ನೆಲೆಸಿದ ಐರೋಪ್ಯ ಬೆಳೆಗಾರರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಎಲಿಯಟ್ ಸ್ಮರಣಾರ್ಹನು. ಅವನು 1871ರಲ್ಲಿ ಒಂದು, 1894ರಲ್ಲಿ ಮತ್ತೊಂದು, ಹೀಗೆ ಈ ಸೀಮೆಯ ಅನುಭವಗಳನ್ನು ಕುರಿತ ಎರಡು ಗ್ರಂಥಗಳನ್ನು ಬರೆದನು. ಕಾಫಿಗೆ ಮರದ ನೆರಳು ಬೇಕೇ ಬೇಕು ಎಂಬುದನ್ನು ಅವನು ಒತ್ತಿ ಹೇಳಿದನು. ಊರಿನ ರೈತರಾದರೋ ಕಾಡಿನ ಮರಗಳನ್ನು ಉಳಿಸಿಕೊಂಡು ಅವುಗಳ ಬುಡದಲ್ಲಿಯೇ ಗಿಡ ನೆಟ್ಟು, ಮರಕ್ಕೆ ಮೆಣಸಿನ ಬಳ್ಳಿಯನ್ನು ಹಬ್ಬಿಸಿ, ವರ್ಷಕ್ಕೊಮ್ಮೆ ಮರಗಸಿ ಮಾಡಿಸಿ, ಎಷ್ಟು ಬಿಸಿಲು ಒಳಗೆ ಬರಬೇಕೆಂಬುದನ್ನು ಕೈಯಳತೆಯಿಂದಲೇ ತೂಗಿಕೊಂಡು ಬಂದವರು. ಹೊರಗಿನಿಂದ ಬಂದವರು ಕಾಡೆಂದು ಕೊಂಡಾಡುವ ಹಸಿರಿನಲ್ಲಿ ಬಹುಪಾಲು ಹೀಗೆ ತಲೆಮಾರುಗಳ ಬೆವರಿನಿಂದ ಉಳಿದುಬಂದ ನೆರಳು.

ಮೂರನೆಯದೂ ನಾಲ್ಕನೆಯದೂ 1979ರಲ್ಲಿ ಜೊತೆಯಾಗಿ ಬಂದುವು. ಮೂಡಿಗೆರೆಯ ಕಡೆಯ ಬೆಟ್ಟಗಳಲ್ಲಿ ಹುಟ್ಟಿ ಸಕಲೇಶಪುರವನ್ನು ಸವರಿ ಹರಿಯುವ ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಪೂರ್ಣಗೊಂಡು, ಬಯಲಿನ ಬೇಸಾಯಕ್ಕೆಂದು ತಡೆದ ನೀರು ಹಿಂದಕ್ಕೆ ಹರಡಿ, ನಮ್ಮ ಸೀಮೆಗೆ ಸರೋವರವೊಂದು ಪ್ರಾಪ್ತವಾಯಿತು. ಈ ಜಲರಾಶಿಯ ಸೌಂದರ್ಯಕ್ಕೆ ತೆತ್ತ ಬೆಲೆಯನ್ನು ತಿಳಿಯಬೇಕಾದವರು ಶೆಟ್ಟಿಹಳ್ಳಿಗೆ ಹೋಗಬೇಕು. ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಅಲ್ಲಿನ ಇಗರ್ಜಿಯು ಮಳೆಗಾಲದಲ್ಲಿ ನೀರಿನಲ್ಲಿ ಮುಳುಗಿ, ಬೇಸಿಗೆಯಲ್ಲಿ ಛಾವಣಿಯಿಲ್ಲದ ಗೋಡೆಗಳೊಡನೆ ಮತ್ತೆ ಮೇಲೇಳುತ್ತದೆ. ಛಾಯಾಚಿತ್ರ ತೆಗೆಯುವವರ ಕಣ್ಣಿಗೆ ಅದು ಅದ್ಭುತ. ಅಲ್ಲಿ ನಾಮಕರಣವಾಗಿ, ಮದುವೆಯಾಗಿ, ಹೆತ್ತವರನ್ನು ಮಣ್ಣು ಮಾಡಿ, ಕಡೆಗೆ ಊರನ್ನೇ ಬಿಟ್ಟೇಳಬೇಕಾದ ಮನೆತನಗಳಿಗೆ ಅದು ನೆಲೆ ತಪ್ಪಿದ ನೆನಪು.

ಅದೇ ವರ್ಷ ಹಾಸನ–ಮಂಗಳೂರು ರೈಲುಮಾರ್ಗವೂ ತೆರೆಯಿತು. ಬಯಲುಸೀಮೆಯನ್ನು ಬಂದರಿಗೆ ಜೋಡಿಸುವುದೇ ಅದರ ಉದ್ದೇಶ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು 55 ಕಿಲೋಮೀಟರುಗಳಲ್ಲಿ, ಪ್ರತಿ 50 ಅಡಿಗೆ ಒಂದಡಿಯಂತೆ ಇಳಿಯುವ ಹಳಿಯು 57 ಸುರಂಗಗಳನ್ನೂ ನೂರಕ್ಕೂ ಮಿಕ್ಕ ಸೇತುವೆಗಳನ್ನೂ ಹಾದುಹೋಗುತ್ತದೆ. 1996ರಲ್ಲಿ ಬ್ರಾಡ್‌ಗೇಜ್ ಮಾಡಲೆಂದು ಸಂಚಾರ ನಿಂತಿತು. ಸರಕಿನ ಗಾಡಿಗಳು ಮರಳಿ ಓಡಲು 2006, ಪ್ರಯಾಣಿಕರು ಮರಳಲು 2007 ಬರಬೇಕಾಯಿತು. ನೋಡುವವರ ಕಾಲ ಆರಂಭವಾದುದು ಈ ನಿಶ್ಶಬ್ದದ ವರ್ಷಗಳಲ್ಲಿಯೇ. ನಗರದ ತರುಣರು ಬೆನ್ನಿಗೆ ಚೀಲ ಕಟ್ಟಿ, ದೋಣಿಗಾಲಿನಿಂದ ಎಡಕುಮೇರಿಯವರೆಗೆ ರೈಲಿಲ್ಲದ ಹಳಿಯ ಮೇಲೆ ನಡೆದು, ತಾವು ಕಂಡುದನ್ನು ಊರಿಗೆ ಹೋಗಿ ಬಣ್ಣಿಸಿದರು. ಅಂದು ಹಳಿಯ ಮೇಲೆ ನಡೆದು ನೋಡಿದುದನ್ನು ಈಗ 2021ರಿಂದ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಯಲ್ಲಿ ಕುಳಿತೇ ನೋಡಬಹುದು.

ಸರಿಸುಮಾರು ಅದೇ ಕಾಲದಲ್ಲಿ, ಶತಮಾನ ಉರುಳುವ ಹೊತ್ತಿಗೆ, ಕಾಫಿಯ ಧಾರಣೆ ನೆಲ ಕಚ್ಚಿತು. ಆಳಿನ ಕೂಲಿಗೂ ಸಾಲದ ಬಡ್ಡಿಗೂ ನಡುವೆ ಸಿಕ್ಕ ಬೆಳೆಗಾರರಲ್ಲಿ ಕೆಲವರು, ಮಕ್ಕಳು ಪಟ್ಟಣ ಸೇರಿ ತೆರವಾದ ಕೋಣೆಗಳನ್ನು ಅತಿಥಿಗಳಿಗೆ ತೆರೆದರು. ಹೋಂಸ್ಟೇ ಎಂಬ ಶಬ್ದವು ಮಲೆನಾಡಿನ ಮಾತಿಗೆ ಸೇರಿದುದು ಹೀಗೆ. ಅಕ್ಕಿರೊಟ್ಟಿ, ಕಡುಬು, ಮಳೆಗಾಲದ ಕಳಲೆ ಪಲ್ಯ, ಮನೆಯವರ ಊಟವೇ ಬಂದವರ ಊಟವೂ ಆಯಿತು.

ಕಿಲಾರ್ನಿಯ ಕಥೆಯಲ್ಲಿ ನಾವು ಕಲಿಯಬೇಕಾದುದೊಂದಿದೆ. 1932ರಲ್ಲಿ ಮಕ್ರಾಸ್ ಎಸ್ಟೇಟಿನ ಒಡೆಯರು ಸರೋವರದ ತಡಿಯ 10,000 ಎಕರೆಗೂ ಮಿಕ್ಕ ಭೂಮಿಯನ್ನು ದೇಶಕ್ಕೆ ದಾನವಾಗಿ ಕೊಟ್ಟರು. ಐರ್ಲೆಂಡಿನ ಮೊದಲ ರಾಷ್ಟ್ರೀಯ ಉದ್ಯಾನ ಹುಟ್ಟಿದುದು ಅದರಿಂದ. ನೋಟಕ್ಕೆಂದು ಕಟ್ಟಿದ ಊರು ನೋಟವನ್ನು ಕಾಯುವ ಹೊಣೆಯನ್ನೂ ಹೊತ್ತುಕೊಂಡಿತು. ನಮ್ಮಲ್ಲಿ ಬಿಸಿಲೆ ಘಾಟಿಯ ಎದುರಿನ ಪುಷ್ಪಗಿರಿ ಅಭಯಾರಣ್ಯಕ್ಕೆ 2012ರಲ್ಲಿ ಪಶ್ಚಿಮಘಟ್ಟಗಳ ಜೊತೆಗೆ ವಿಶ್ವಪರಂಪರೆಯ ಮನ್ನಣೆ ದೊರೆತಿದೆ, ನಿಜ. ಆದರೆ ತೋಟದ ನೆರಳಿಗೂ ಹೇಮಾವತಿಯ ಹಿನ್ನೀರಿಗೂ ಕಾವಲುಗಾರರು ಯಾರು? ಅಲ್ಲಿ ಬಾಳುವವರು, ಮತ್ತು ಅಲ್ಲಿಗೆ ಬರುವವರು.

ಮಲೆನಾಡಿನ ಮನೆಯ ಜಗಲಿಗೆ ಯಾರೇ ಬಂದರೂ, ಕಾಲು ತೊಳೆಯಲು ನೀರು ಕೊಟ್ಟ ಮೇಲೆ ಮೊದಲು ಕೇಳುವ ಪ್ರಶ್ನೆ 'ಯಾವೂರಾಯ್ತು?' ಎಂಬುದು. ಬಂದವನೂ ಆ ಪ್ರಶ್ನೆಯನ್ನು ಈ ಗುಡ್ಡಕ್ಕೆ, ಈ ಹೊಳೆಗೆ, ನೀರಿನಿಂದ ಮೇಲೆದ್ದ ಆ ಗೋಡೆಗೆ ತಿರುಗಿ ಕೇಳಿದರೆ, ಅಂದಿನಿಂದ ಅವನು ಪ್ರವಾಸಿಯಲ್ಲ, ನೆಂಟ. ನೆಂಟನಾದವನು ಉಂಡ ಎಲೆಯನ್ನು ಅಂಗಳದಲ್ಲಿ ಬಿಸುಟು ಹೋಗುವುದಿಲ್ಲ.